ಜೀನು ಜಿಗಿದ ಶೇಂಗಾದ ಬೆನ್ನು ಹತ್ತಿ

ಧಾರವಾಡ ಕೃಷಿ ವಿಶ್ವವಿದ್ಯಾಲಯದ ಶೇಂಗಾ ತಾಕುಗಳನ್ನು ನೋಡಬೇಕೆಂದರೆ ಕೃಷಿ ಮೇಳದ ಜನಜಂಗುಳಿ ಕರಗಿದ ಮೇಲೆ ಹೋಗಬೇಕು. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಮಳೆ ಹೊಳವು ಕೊಟ್ಟಿರುತ್ತದೆ, ಎರೆಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಹೆಜ್ಜೆ ಭಾರವಾಗುತ್ತದೆ. ಕಾಯಿ ಬಲಿತು ಗಿಡ ಕೀಳಲು ಇನ್ನು ಕೆಲವೇ ದಿನ. ರೋಗ ಯಾವ ಗಿಡಕ್ಕೆ ತಗುಲಿದೆ, ಯಾವುದಕ್ಕೆ ಇಲ್ಲ ಎಂಬುದು ದಾರಿಹೋಕರಿಗೂ ಗೊತ್ತಾಗುವ ಕಾಲ ಅದು.

ಹಾಗೆ ಹೋದಾಗ ಸಂಶೋಧನಾ ವಿದ್ಯಾರ್ಥಿಯೊಬ್ಬರು ಅಕ್ಕಪಕ್ಕದ ಸಾಲುಗಳಿಂದ ಎರಡು ಗಿಡ ಕಿತ್ತು ಕೈಗಿಟ್ಟರು. ಒಂದು ಟಿಎಂವಿ-2. ತಿಂಡಿವನಂನಿಂದ 1940ರಲ್ಲಿ ಬಂದು ನಮ್ಮ ಹೊಲಗಳಲ್ಲಿ ಬೇರೂರಿದ ಹಳೆಯ ಗೆಜ್ಜೆ ಶೇಂಗಾ. ಅದರ ಎಲೆಗಳೆಲ್ಲ ಉದುರಿ, ತುದಿಯಲ್ಲಿ ನಾಲ್ಕು ಮಾತ್ರ ಉಳಿದಿದ್ದವು. ಒಂದನ್ನು ಮಗುಚಿ ನೋಡಿದರೆ ತಳಭಾಗದಲ್ಲಿ ಇದ್ದಿಲ ಪುಡಿ ಚಿಮುಕಿಸಿದಂಥ ಕಪ್ಪು ಚುಕ್ಕೆ, ನಡುನಡುವೆ ತುಕ್ಕು ರೋಗದ ಕಿತ್ತಳೆ ಗುಳ್ಳೆ. ಬೆರಳಿಂದ ಒರೆಸಿದರೆ ಆ ಪುಡಿ ಚರ್ಮಕ್ಕೆ ಹತ್ತುತ್ತದೆ. ಇನ್ನೊಂದು ಜಿಪಿಬಿಡಿ-4. ಅದೇ ಮಣ್ಣು, ಅದೇ ಮಳೆ, ಒಂದೂವರೆ ಅಡಿ ಅಂತರ. ಬುಡದಿಂದ ತುದಿವರೆಗೆ ಹಸಿರು. ಕಾಂಡದಿಂದ ಮಣ್ಣಿಗಿಳಿದ ಊಡುಗಳು ಇನ್ನೂ ನೇರಳೆ ಬಣ್ಣದಲ್ಲಿ ಬಿಗಿಯಾಗಿದ್ದವು. ಶೇಂಗಾ ಹೊಟ್ಟನ್ನು ಎತ್ತು-ಎಮ್ಮೆಗೆ ಹಾಕುವ ಈ ಸೀಮೆಯಲ್ಲಿ ಎಲೆ ಉಳಿಯುವುದೆಂದರೆ ಕಾಯಿಯ ಜೊತೆಗೆ ಮೇವೂ ಉಳಿದಂತೆ.

ಇಷ್ಟರಿಂದ ಲೇಖನವಾಗುತ್ತಿರಲಿಲ್ಲ. ರೋಗ ತಡೆಯುವ ತಳಿ, ತಡೆಯದ ತಳಿ ಎರಡನ್ನೂ ಯಾವ ಸಂಶೋಧನಾ ಕೇಂದ್ರದಲ್ಲಾದರೂ ತೋರಿಸುತ್ತಾರೆ. ಬೆರಗು ಹುಟ್ಟಿಸಿದ್ದು ಮೂರನೆಯ ಗಿಡ. ಅದರ ಎಲೆಗಳು ಶೇಂಗಾದ ಎಲೆಗಳಂತೆಯೇ ಇರಲಿಲ್ಲ. ಸಣ್ಣಗೆ, ಉದ್ದಕ್ಕೆ, ಚೂಪಾಗಿದ್ದವು. ಬೇರೆ ಜಾತಿಯ ಕಳೆ ಎಂದು ಕಿತ್ತೆಸೆಯಬಹುದಾದಷ್ಟು ಬೇರೆ. ಅದೂ ಟಿಎಂವಿ-2 ತಳಿಯೇ, ರಾಸಾಯನಿಕ ಉಪಚಾರದಿಂದ ಹುಟ್ಟಿದ ಅದರ ಮ್ಯುಟೆಂಟ್ ಎಂದು ವಿದ್ಯಾರ್ಥಿ ಹೇಳಿದಾಗ ಎರಡೂ ಗಿಡಗಳನ್ನು ಮತ್ತೆ ಮತ್ತೆ ಒತ್ತಟ್ಟಿಗಿಟ್ಟು ನೋಡಬೇಕಾಯಿತು. ಒಂದೇ ತಳಿಯ ತಾಯಿ-ಮಗುವಿನ ನಡುವೆ ಇಷ್ಟು ದೂರ ಎಲ್ಲಿಂದ ಬಂತು? ಉತ್ತರ ಹುಡುಕಿಕೊಂಡು ಹೊರಟರೆ ಮೂರೂವರೆ ದಶಕದ ಹಿಂದೆ ಧಾರವಾಡದಲ್ಲೇ ಹುಟ್ಟಿದ ಇನ್ನೊಂದು ವಿಚಿತ್ರ ಗಿಡದ ಬಳಿಗೆ ಹೋಗಿ ನಿಲ್ಲಬೇಕಾಗುತ್ತದೆ. ಅದರ ಹೆಸರು ಧಾರವಾಡ ಅರ್ಲಿ ರನ್ನರ್. ಚಿಕ್ಕದಾಗಿ ಡಿಇಆರ್.

ಜೀನ್ ಎಡಿಟಿಂಗ್ ಎಂದೊಡನೆ ಬಾಸ್ಟನ್, ಬರ್ಕ್ಲಿ, ಬರ್ಲಿನ್ ಎಂಬ ಊರುಗಳ ಹೆಸರೇ ಬಾಯಿಗೆ ಬರುತ್ತವೆ. ಪ್ರಯೋಗಾಲಯದ ಪ್ರೋಟೀನು ಬಂದು ಕತ್ತರಿಸುವುದಕ್ಕೆ ಎಷ್ಟೋ ಮೊದಲೇ ತನ್ನ ಜೀನುಗಳನ್ನು ತಾನೇ ತಿದ್ದಿಕೊಳ್ಳುತ್ತಿದ್ದ ಗಿಡವೊಂದು ಧಾರವಾಡದ ಹೊಲದಲ್ಲಿತ್ತು, ಅದನ್ನು ಗುರುತಿಸುವ ಕಣ್ಣೂ ಇಲ್ಲಿತ್ತು ಎಂಬುದು ಕನ್ನಡ ಓದುಗರಿಗೆ ಗೊತ್ತಿರಬೇಕಾದ ಸಂಗತಿ.

ಹೊಲ ನೋಡಿದವರಿಗೆ ಗೊತ್ತು, ಶೇಂಗಾದಲ್ಲಿ ಎರಡು ಕುಲ. ಬಳ್ಳಿ ಶೇಂಗಾ ನೆಲಕ್ಕೆ ಹರಡುತ್ತದೆ, ತಡವಾಗಿ ಬಲಿಯುತ್ತದೆ, ನಡುಕಾಂಡದ ಮೇಲೆ ಹೂ ಬಿಡುವುದಿಲ್ಲ, ಕಿತ್ತ ಬೀಜ ಕೆಲಕಾಲ ಮೊಳೆಯದೆ ನಿದ್ದೆ ಹೋಗುತ್ತದೆ. ಗೆಜ್ಜೆ ಶೇಂಗಾ ನೆಟ್ಟಗೆ ನಿಲ್ಲುತ್ತದೆ, ಬೇಗ ಬರುತ್ತದೆ, ನಡುಕಾಂಡದಲ್ಲೂ ಹೂ ಬಿಡುತ್ತದೆ, ಕೊಯ್ಲಿಗೆ ಮಳೆ ಹಿಡಿದರೆ ಹೊಲದಲ್ಲೇ ಮೊಳಕೆಯೊಡೆದು ರೈತನ ಕಣ್ಣಲ್ಲಿ ನೀರು ತರಿಸುತ್ತದೆ. ಸಸ್ಯಶಾಸ್ತ್ರದವರು ಇವೆರಡನ್ನೂ ಬೇರೆಬೇರೆ ಉಪಪ್ರಭೇದಗಳಾಗಿ ಇಟ್ಟಿದ್ದಾರೆ: ಹೈಪೋಜಿಯಾ ಮತ್ತು ಫಾಸ್ಟಿಜಿಯೇಟಾ. ಅವುಗಳೊಳಗೆ ವರ್ಜೀನಿಯಾ, ಸ್ಪ್ಯಾನಿಷ್, ವೆಲೆನ್ಸಿಯಾ ಮುಂತಾದ ಒಳಗುಂಪುಗಳು.

ಧಾರವಾಡದಲ್ಲಿ ಡಿಎಚ್ 3-20 ಮತ್ತು ಸಿಜಿಸಿ-1 ಎಂಬ ಎರಡು ತಳಿಗಳನ್ನು ಕೂಡಿಸಿದ್ದರು. ಶೇಂಗಾದಲ್ಲಿ ಸಂಕರ ಮಾಡುವುದು ತಾಳ್ಮೆಯ ಕೆಲಸ. ಸಂಜೆ ಮೊಗ್ಗು ಬಿಡಿಸಿ ಚಿಮಟದಿಂದ ಪರಾಗಕೋಶ ತೆಗೆಯಬೇಕು, ಮರುದಿನ ಬೆಳಿಗ್ಗೆ ಬೇರೆ ಗಿಡದ ಪರಾಗ ಸವರಬೇಕು. ಹತ್ತಾರು ಹೂವಿಗೆ ಕೆಲವೇ ಕಾಯಿ ಕೈಗೆ ಸಿಗುತ್ತವೆ. ತಂದೆ-ತಾಯಿ ಎರಡೂ ಗೆಜ್ಜೆ ಶೇಂಗಾ, ಎರಡೂ ಫಾಸ್ಟಿಜಿಯೇಟಾ. ಮಕ್ಕಳೂ ಗೆಜ್ಜೆಯೇ ಆಗಬೇಕು. ಆದರೆ ಆ ಸಂತಾನದ ಒಂದು ಗಿಡ ಎರಡೂ ಉಪಪ್ರಭೇದಗಳ ಲಕ್ಷಣ ಹೊತ್ತು ಬಂತು. ಬಳ್ಳಿಯಂತೆ ಹರಡುತ್ತಿತ್ತು, ಆದರೆ ಗೆಜ್ಜೆಯಂತೆ ಬೇಗ ಬಲಿಯುತ್ತಿತ್ತು. ತಳಿಶಾಸ್ತ್ರಜ್ಞ ಡಾ. ಎಂ.ವಿ.ಸಿ. ಗೌಡ ಮತ್ತು ಸಂಗಡಿಗರು ಅದನ್ನು ಎತ್ತಿಟ್ಟುಕೊಂಡು, ಬಿತ್ತಿ ಬೆಳೆಸಿ, ಗುಣ ನಿಲ್ಲುತ್ತದೆಯೇ ಎಂದು ನೋಡಿ 1989ರಲ್ಲಿ ವರದಿ ಮಾಡಿದರು.

ಇಲ್ಲಿಯೇ ಒಂದು ಕ್ಷಣ ನಿಲ್ಲಬೇಕು. ಪ್ರಯೋಗದ ಹೊಲದಲ್ಲಿ ಸಾಲಿಗೆ ಹೊಂದದ ಗಿಡ ಕಂಡರೆ ಸಾಮಾನ್ಯವಾಗಿ ಏನಾಗುತ್ತದೆ? ಬೀಜ ಬೆರಕೆಯಾಗಿದೆ ಎಂದು ಕಿತ್ತು ಬದುವಿಗೆಸೆಯುತ್ತಾರೆ. ಅದು ತಪ್ಪೂ ಅಲ್ಲ, ನೂರಕ್ಕೆ ತೊಂಬತ್ತೊಂಬತ್ತು ಸಲ ಬೆರಕೆಯೇ ಆಗಿರುತ್ತದೆ. ಆ ಒಂದು ಸಲ ಕೀಳದೆ ಬಿಟ್ಟಿದ್ದರಿಂದ ಮುಂದಿನದೆಲ್ಲ ಸಾಧ್ಯವಾಯಿತು.

ಡಿಇಆರ್‌ನ ನಿಜವಾದ ಆಟ ಶುರುವಾಗಿದ್ದು ಅದಕ್ಕೆ ಇಎಂಎಸ್ ಎಂಬ ರಾಸಾಯನಿಕ ಉಣಿಸಿದಾಗ. ಈಥೈಲ್ ಮಿಥೇನ್ ಸಲ್ಫೊನೇಟ್ ಎಂಬ ಈ ದ್ರವದಲ್ಲಿ ಬೀಜ ನೆನೆಸಿದರೆ ಡಿಎನ್‌ಎಯ ಅಕ್ಷರಗಳಲ್ಲಿ ಅಲ್ಲೊಂದು ಇಲ್ಲೊಂದು ಬದಲಾಗುತ್ತದೆ. ಸಾಮಾನ್ಯ ತಳಿಯಲ್ಲಿ ಸಾವಿರಾರು ಗಿಡ ಜಾಲಾಡಿದರೆ ಕಣ್ಣಿಗೆ ಬೀಳುವ ಬದಲಾವಣೆ ಬೆರಳೆಣಿಕೆಯಷ್ಟು. ಡಿಇಆರ್‌ನಲ್ಲಿ ಹಾಗಾಗಲಿಲ್ಲ. ಮ್ಯುಟೆಂಟ್‌ಗಳು ಹಿಂಡುಹಿಂಡಾಗಿ ಬಂದವು. ಬಂದವುಗಳ ರೂಪವಂತೂ ಇನ್ನೂ ಸೋಜಿಗ: ಕೆಲವು ವರ್ಜೀನಿಯಾ ಬಳ್ಳಿಯಂತೆ, ಕೆಲವು ಸ್ಪ್ಯಾನಿಷ್ ಗೆಜ್ಜೆಯಂತೆ, ಕೆಲವು ವೆಲೆನ್ಸಿಯಾದಂತೆ. ಸಸ್ಯಶಾಸ್ತ್ರದ ಪುಸ್ತಕದಲ್ಲಿ ಬೇರೆಬೇರೆ ಪುಟಗಳಲ್ಲಿದ್ದ ಶೇಂಗಾ ಬಗೆಗಳು ಒಂದೇ ಗಿಡದ ಸಂತಾನವಾಗಿ ಒಂದೇ ತಾಕಿನಲ್ಲಿ ನಿಂತಿದ್ದವು. ವೆಲೆನ್ಸಿಯಾ ಮಾದರಿಯ ಒಂದು ಮ್ಯುಟೆಂಟ್‌ಗೆ ವಿಎಲ್-1 ಎಂದು ಹೆಸರಿಟ್ಟರು. ವಿಎಲ್-1ಕ್ಕೆ ಮತ್ತೆ ಇಎಂಎಸ್ ಕೊಟ್ಟಾಗ 28-2, 110 ಎಂಬಂಥ ಎಲೆಚುಕ್ಕೆ ರೋಗಕ್ಕೆ ಬಗ್ಗದ ಸಾಲುಗಳು ದೊರೆತವು. ಕೆಲವು ಮ್ಯುಟೆಂಟ್‌ಗಳು ನಿಂತ ರೂಪದಲ್ಲಿ ನಿಲ್ಲದೆ ಪೀಳಿಗೆ ಕಳೆದಂತೆ ಹಿಂದಿನ ರೂಪಕ್ಕೆ ಮರಳಿದ್ದೂ ಉಂಟು. ಅಕ್ಷರ ಬದಲಾದದ್ದಷ್ಟೇ ಆಗಿದ್ದರೆ ಅದು ಇಷ್ಟು ಸಲೀಸಾಗಿ ಹಿಂದಿರುಗುವುದಿಲ್ಲ. ಏನೋ ಒಂದು ಒಳಗೆ ಸೇರಿಕೊಂಡು ಮತ್ತೆ ಹೊರಬೀಳುತ್ತಿದೆ ಎಂಬ ಗುಮಾನಿ ಹುಟ್ಟುವುದು ಅಲ್ಲಿಯೇ.

ಅಂಥ ಗುಮಾನಿಗೆ ಹಳೆಯ ಇತಿಹಾಸವಿದೆ. ಅಮೆರಿಕದ ಬಾರ್ಬರಾ ಮೆಕ್ಲಿಂಟಾಕ್ 1940ರ ದಶಕದಲ್ಲಿ ಮೆಕ್ಕೆಜೋಳದ ಕಾಳುಗಳ ಮೇಲಿನ ಬಣ್ಣದ ಚುಕ್ಕೆಗಳನ್ನು ನೋಡಿ, ವರ್ಣತಂತುವಿನ ತುಣುಕುಗಳು ಜಾಗ ಬದಲಿಸುತ್ತವೆ ಎಂದರು. ದಶಕಗಳ ಕಾಲ ಹೆಚ್ಚಿನವರು ಅದಕ್ಕೆ ಕಿವಿಗೊಡಲಿಲ್ಲ. ನೊಬೆಲ್ ಬಂದದ್ದು 1983ರಲ್ಲಿ, ಅವರ 81ನೆಯ ವಯಸ್ಸಿನಲ್ಲಿ. ಸಂಕರ, ಗಾಯ, ವಿಷ ಮುಂತಾದ ಆಘಾತಕ್ಕೆ ಸಿಕ್ಕ ಜೀನೋಮಿನಲ್ಲಿ ಮಲಗಿದ್ದ ತುಣುಕುಗಳು ಎದ್ದು ಓಡಾಡುತ್ತವೆ ಎಂಬುದು ಅವರ ದೊಡ್ಡ ಒಳನೋಟ. ಸಂಕರದಿಂದ ಹುಟ್ಟಿ, ರಾಸಾಯನಿಕದಿಂದ ಕೆರಳಿದ ಡಿಇಆರ್ ಆ ಮಾತಿಗೆ ಹೇಳಿ ಮಾಡಿಸಿದ ಸಾಕ್ಷಿಯಂತಿತ್ತು.

ಶೇಂಗಾದಲ್ಲಿ ಓಡಾಡುವ ಆ ತುಣುಕು ಕೈಗೆ ಸಿಕ್ಕಿದ್ದು 2004ರಲ್ಲಿ, ಅಮೆರಿಕದಲ್ಲಿ. ಎಣ್ಣೆಯ ಗುಣ ನಿರ್ಧರಿಸುವ ಎಫ್‌ಎಡಿ2 ಎಂಬ ಜೀನನ್ನು ಪರೀಕ್ಷಿಸುತ್ತಿದ್ದ ಸಂಶೋಧಕರಿಗೆ, ಓಲಿಯಿಕ್ ಆಮ್ಲ ಹೆಚ್ಚಾಗಿದ್ದ ಮ್ಯುಟೆಂಟ್‌ಗಳಲ್ಲಿ ಆ ಜೀನಿನ ನಡುವೆ 205 ಅಕ್ಷರಗಳ ಒಂದು ತುಂಡು ತೂರಿಕೊಂಡಿದ್ದು ಕಂಡಿತು. ಅದು ಮೈಟ್ ಎಂಬ ಪುಟಾಣಿ ಜಿಗಿಯುವ ಜೀನುಗಳ ಗುಂಪಿಗೆ ಸೇರಿದ್ದು. ಎಎಚ್‌ಮೈಟ್-1 ಎಂದು ಹೆಸರಾಯಿತು. ಈ ಮೈಟ್‌ಗಳಿಗೆ ಜಿಗಿಯಲು ಬೇಕಾದ ಕಿಣ್ವ ತಯಾರಿಸುವ ಶಕ್ತಿಯಿಲ್ಲ. ಸ್ವಂತ ಚಕ್ಕಡಿಯಿಲ್ಲದವನು ಜಾತ್ರೆಗೆ ಹೊರಟ ಊರವರ ಚಕ್ಕಡಿ ಹತ್ತಿದಂತೆ, ಬೇರೆ ದೊಡ್ಡ ಜಿಗಿಜೀನುಗಳು ಮಾಡಿದ ಕಿಣ್ವವನ್ನೇ ನೆಚ್ಚಿ ಸಾಗುತ್ತವೆ. ಸಸ್ಯಗಳಲ್ಲಿ ಮೈಟ್‌ಗಳು ಬೇಕಾದಷ್ಟಿವೆ, ಆದರೆ ಬಹುಪಾಲು ಎಂದೋ ಸತ್ತು ಬಿದ್ದಿರುವಂಥವು. ಈಗಲೂ ಚಲಿಸುವಂಥದ್ದು ಮೊದಲ ಸಲ ಸಿಕ್ಕಿದ್ದು ಭತ್ತದಲ್ಲಿ, 2003ರಲ್ಲಿ.

ಧಾರವಾಡದವರ ಕೈಯಲ್ಲಿ ಆಗಲೇ ಹೊಲ ತುಂಬ ಮ್ಯುಟೆಂಟ್‌ಗಳಿದ್ದವು. ಅಣುತಳಿಶಾಸ್ತ್ರದ ಡಾ. ರಮೇಶ ಭಟ್ ಮತ್ತು ಎಂ.ವಿ.ಸಿ. ಗೌಡರ ತಂಡ ಎಎಚ್‌ಮೈಟ್-1 ಜೀನೋಮಿನ ಯಾವ ಜಾಗದಲ್ಲಿ ಕುಳಿತಿದೆ ಎಂದು ಪಿಸಿಆರ್‌ನಿಂದ ಪತ್ತೆ ಮಾಡುವ ವಿಧಾನ ರೂಪಿಸಿ, 2008ರಿಂದ ಒಂದರ ಹಿಂದೊಂದು ಪ್ರಬಂಧ ಪ್ರಕಟಿಸಿತು. ರೋಗ ತಡೆಯುವ ಮ್ಯುಟೆಂಟ್‌ಗಳು ಅಷ್ಟೊಂದು ಹುಟ್ಟುವುದಕ್ಕೂ ಈ ತುಣುಕಿನ ಜಿಗಿತಕ್ಕೂ ನಂಟಿದೆ ಎಂಬ ವರದಿ 2010ರದು. ಶೇಂಗಾದ ಬೇರೆಬೇರೆ ಬಗೆಗಳು ಹುಟ್ಟುವುದಕ್ಕೂ ನಂಟಿದೆ ಎಂಬುದು 2011ರದು. ಮರುವರ್ಷ ಜಪಾನಿನ ಕಜುಸಾ ಡಿಎನ್‌ಎ ಸಂಶೋಧನಾ ಸಂಸ್ಥೆಯ ಕೆಂತಾ ಶಿರಾಸಾವಾ ಮೊದಲಾದವರು ಈ ತುಣುಕು ಶೇಂಗಾದಲ್ಲಿ ಈಗಲೂ ಚುರುಕಾಗಿದೆ ಎಂದು ತೋರಿಸಿಕೊಟ್ಟರು.

ಪ್ರಯೋಗಾಲಯದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಎಲೆಯ ಚೂರನ್ನು ಅರೆದು ತೆಗೆದ ಡಿಎನ್‌ಎಯಿಂದ ಬೇಕಾದ ಭಾಗವನ್ನಷ್ಟೇ ಪಿಸಿಆರ್‌ನಲ್ಲಿ ಪ್ರತಿ ಮಾಡಿ, ಅಗರೋಸ್ ಜೆಲ್‌ನ ಸಣ್ಣ ಗುಂಡಿಗಳಿಗೆ ಸುರಿದು ವಿದ್ಯುತ್ ಹಾಯಿಸುತ್ತಾರೆ. ಚಿಕ್ಕ ತುಂಡು ಬೇಗ ಓಡುತ್ತದೆ, ದೊಡ್ಡದು ಹಿಂದೆ ಬೀಳುತ್ತದೆ. ನೇರಳಾತೀತ ಬೆಳಕು ಹಾಕಿದಾಗ ಎರಡು ಮಟ್ಟದಲ್ಲಿ ಗೆರೆಗಳು ಹೊಳೆಯುತ್ತವೆ. ನಡುವಿನ ಅಂತರ ಸುಮಾರು 200 ಅಕ್ಷರ. ಮೇಲಿನ ಗೆರೆ ಕಂಡರೆ ತುಣುಕು ಅಲ್ಲಿ ಕೂತಿದೆ, ಕೆಳಗಿನದಾದರೆ ಇಲ್ಲ. ಹೊಲದಲ್ಲಿ ಕೈಯಲ್ಲಿ ಹಿಡಿದ ಆ ಸಣ್ಣೆಲೆಯ ಗಿಡವನ್ನೂ ಅದರ ಮೂಲ ಟಿಎಂವಿ-2ನ್ನೂ ಕೂಡಿಸಿ ಪಡೆದ ಸಂತಾನದ ಮೇಲೆ ಭಟ್ ಅವರ ತಂಡ ಇಂಥ ಗುರುತುಗಳನ್ನು ಬಳಸಿ ನಕ್ಷೆ ತಯಾರಿಸಿದೆ. ಪ್ರಬಂಧ 2017ರಲ್ಲಿ ಬಂತು. ತಾಯಿ ಮತ್ತು ಮ್ಯುಟೆಂಟ್ ನಡುವೆ ನಾಲ್ಕಾರು ಅಕ್ಷರ ಮಾತ್ರ ಬೇರೆಯಿದ್ದರೆ ನಕ್ಷೆಗೆ ಗುರುತುಗಳೇ ಸಿಗುತ್ತಿರಲಿಲ್ಲ. ಜಿಗಿದ ತುಣುಕುಗಳೇ ಮೈಲಿಗಲ್ಲಾದವು.

ಒಂದು ಸಂದೇಹ ಉಳಿಯುತ್ತದೆ, ಹೇಳಿಬಿಡುವುದು ವಾಸಿ. ಡಿಇಆರ್‌ನಿಂದ ಎಲ್ಲ ಬಗೆಗಳೂ ಹುಟ್ಟಿದವು, ಆದ್ದರಿಂದ ಶೇಂಗಾದ ವಿಕಾಸವೂ ಹೀಗೇ ನಡೆಯಿತು ಎಂಬ ತರ್ಕ ಆಕರ್ಷಕ. 1996ರಲ್ಲಿ ಗೌಡ, ನದಾಫ್ ಮತ್ತು ಶೇಷಗಿರಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬರೆದ ಪ್ರಬಂಧದ ದಿಕ್ಕೂ ಅದೇ. ಇದಕ್ಕೆ ಪೂರಕವಾಗಿ ಒಂದು ದೊಡ್ಡ ಸಂಗತಿಯೂ ಇದೆ: ಇಂದಿನ ಶೇಂಗಾ ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ದಕ್ಷಿಣ ಅಮೆರಿಕದಲ್ಲಿ ಎರಡು ಕಾಡು ಜಾತಿಗಳು ಕೂಡಿ ಹುಟ್ಟಿದ್ದು. 40 ವರ್ಣತಂತುಗಳ ಈ ಬೆಳೆಯ ತಳಿಬುನಾದಿ ಬಹಳ ಕಿರಿದು, ಆದರೂ ಗಿಡದ ರೂಪದಲ್ಲಿ ಇಷ್ಟು ವೈವಿಧ್ಯ. ಆ ಅಂತರವನ್ನು ತುಂಬಲು ಜಿಗಿಜೀನು ಬೇಕೇ ಬೇಕು ಅನ್ನಿಸುತ್ತದೆ. ಆದರೂ ಹೀಗೆ ಆಗಬಹುದು ಎಂದು ತಾಕಿನಲ್ಲಿ ತೋರಿಸುವುದು ಬೇರೆ, ಹತ್ತು ಸಾವಿರ ವರ್ಷಗಳ ಹಿಂದೆ ಹೀಗೇ ಆಯಿತು ಎನ್ನುವುದು ಬೇರೆ. ಮೊದಲನೆಯದನ್ನು ಧಾರವಾಡ ತೋರಿಸಿಕೊಟ್ಟಿದೆ, ಅಷ್ಟೇ ಸಾಕಷ್ಟು ದೊಡ್ಡದು.

ರೈತರಿಗೆ ತಲುಪಿದ ಫಲದ ಕಥೆ ಬೇರೆ ದಾರಿಯದು. ಜಿಪಿಬಿಡಿ-4ರ ರೋಗ ತಡೆಯುವ ಗುಣ ಬಂದದ್ದು ಮ್ಯುಟೆಂಟ್‌ಗಳಿಂದಲ್ಲ, ಬೊಲಿವಿಯಾದ ಅರಾಕಿಸ್ ಕಾರ್ಡೆನಾಸಿ ಎಂಬ ಕಾಡು ಶೇಂಗಾದಿಂದ. ಅಮೆರಿಕ, ಹೈದರಾಬಾದಿನ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆ ದಾಟಿ ಬಂದ ಸಾಲಿನೊಂದಿಗೆ ಕೆಆರ್‌ಜಿ-1 ತಳಿಯನ್ನು ಕೂಡಿಸಿ ಧಾರವಾಡದಲ್ಲಿ ಅದನ್ನು ರೂಪಿಸಿದರು. ಆ ಕಾಡು ಶೇಂಗಾದ ವರ್ಣತಂತುವಿನ ತುಂಡು ಇಂದು 30 ದೇಶಗಳ ತಳಿಗಳಲ್ಲಿದೆ ಎಂದು 2021ರ ಒಂದು ಅಂತರರಾಷ್ಟ್ರೀಯ ಅಧ್ಯಯನ ಲೆಕ್ಕ ಹಾಕಿತು. ಟಿಎಜಿ-24 ಎಂಬ ತಳಿ ಮತ್ತು ಜಿಪಿಬಿಡಿ-4ರ ಸಂತಾನದಲ್ಲಿ ತುಕ್ಕು ರೋಗ ತಡೆಯುವ ಜಾಗವನ್ನು ಗುರುತಿಸಿದಾಗ, ಆ ಒಂದು ಜಾಗವೇ ಗುಣದ ಏರಿಳಿತದ ನೂರಕ್ಕೆ 80ಕ್ಕಿಂತ ಹೆಚ್ಚು ಪಾಲನ್ನು ವಿವರಿಸುತ್ತಿತ್ತು. ಇಕ್ರಿಸ್ಯಾಟ್‌ನವರು ಅದೇ ತುಂಡನ್ನು ಜೆಎಲ್-24, ಟಿಎಜಿ-24 ಮುಂತಾದ ಹೆಸರುವಾಸಿ ತಳಿಗಳಿಗೆ ಸಾಗಿಸಿದರು. ದಾನಿ ನಮ್ಮ ಜಿಪಿಬಿಡಿ-4.

ಇನ್ನು ಎಡಿಟಿಂಗ್. ಕ್ರಿಸ್ಪರ್-ಕ್ಯಾಸ್9 ಬಳಸಿ ಡಿಎನ್‌ಎಯನ್ನು ಬೇಕೆಂದ ಜಾಗದಲ್ಲಿ ಕತ್ತರಿಸಬಹುದು ಎಂದು ಎಮ್ಯಾನುಯೆಲ್ ಶಾರ್ಪಾಂಟಿಯೆ ಮತ್ತು ಜೆನಿಫರ್ ಡೌಡ್ನಾ ತೋರಿಸಿದ್ದು 2012ರಲ್ಲಿ, ನೊಬೆಲ್ 2020ರಲ್ಲಿ. ಇದೆಲ್ಲ ಹೈಸ್ಕೂಲ್ ಹುಡುಗರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಕ್ಯಾಸ್9ರ ವಂಶಾವಳಿ. 2021ರಲ್ಲಿ ಎರಡು ತಂಡಗಳು ತೋರಿಸಿದಂತೆ, ಕ್ಯಾಸ್9 ಮತ್ತು ಕ್ಯಾಸ್12 ಪ್ರೋಟೀನುಗಳ ಪೂರ್ವಿಕರು ಬ್ಯಾಕ್ಟೀರಿಯಾಗಳ ಜಿಗಿಯುವ ಜೀನುಗಳಲ್ಲೇ ಇದ್ದಾರೆ: ಐಎಸ್‌ಸಿಬಿ ಮತ್ತು ಟಿಎನ್‌ಪಿಬಿ. ಜಿಗಿಜೀನುಗಳ ಜೊತೆ ಓಡಾಡುತ್ತಿದ್ದ ಪ್ರೋಟೀನುಗಳನ್ನೇ ಬ್ಯಾಕ್ಟೀರಿಯಾಗಳು ವೈರಸ್ ವಿರುದ್ಧದ ಆಯುಧವಾಗಿ ಪಳಗಿಸಿಕೊಂಡವು, ಅದನ್ನು ಮನುಷ್ಯ ಎರವಲು ಪಡೆದ. ಮೆಕ್ಲಿಂಟಾಕ್‌ರ ಮೆಕ್ಕೆಜೋಳ, ಧಾರವಾಡದ ಡಿಇಆರ್, ಡೌಡ್ನಾರ ಕ್ಯಾಸ್9 ಇವೆಲ್ಲ ಒಂದೇ ಜಿಗಿಜೀನಿನ ಕುಟುಂಬಕ್ಕೆ ಸೇರಿದವಲ್ಲ. ಆದರೆ ಡಿಎನ್‌ಎ ಕತ್ತರಿಸಿ ಜೋಡಿಸುವ ವಿದ್ಯೆಯನ್ನು ಪ್ರಕೃತಿ ಕಲಿತದ್ದು ಈ ಅಲೆಮಾರಿ ತುಣುಕುಗಳ ಸಹವಾಸದಲ್ಲಿ ಎಂಬ ಎಳೆ ಮೂರನ್ನೂ ಕಟ್ಟುತ್ತದೆ. ಕಟಕ್‌ನ ರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಕುತುಬುದ್ದೀನ್ ಮೊಲ್ಲಾ ಅವರ ತಂಡ ಟಿಎನ್‌ಪಿಬಿ ಬಳಸಿ ಭತ್ತದ ಜೀನ್ ತಿದ್ದಿದ್ದು 2024ರಲ್ಲಿ ಪ್ರಕಟವಾಯಿತು, ಮರುವರ್ಷ ಭಾರತದ ಪೇಟೆಂಟ್ ಸಿಕ್ಕಿತು. ಟಿಎನ್‌ಪಿಬಿ ಕ್ಯಾಸ್9ರ ಮೂರನೇ ಒಂದು ಪಾಲಿನಷ್ಟು ಚಿಕ್ಕದು. ವಿದೇಶಿ ಪೇಟೆಂಟ್‌ಗಳ ಹಂಗು ಕಡಿಮೆಯಾಗುವ ಆಸೆಯೂ ಅದರ ಹಿಂದಿದೆ.

ಕಾನೂನಿನ ದಾರಿಯೂ ಸಡಿಲವಾಗಿದೆ. ಹೊರಗಿನ ಜೀನ್ ಉಳಿಯದಂತೆ ತಿದ್ದಿದ ಕೆಲವು ಬಗೆಯ ಗಿಡಗಳಿಗೆ ಜಿಎಂ ಬೆಳೆಗಳ ಕಠಿಣ ನಿಯಮಗಳಿಂದ ಕೇಂದ್ರ ಸರ್ಕಾರ 2022ರ ಮಾರ್ಚ್‌ನಲ್ಲಿ ವಿನಾಯಿತಿ ಕೊಟ್ಟಿತು. 2025ರ ಮೇನಲ್ಲಿ ಡಿಆರ್‌ಆರ್ ಧಾನ್ 100 (ಕಮಲಾ) ಮತ್ತು ಪೂಸಾ ಡಿಎಸ್‌ಟಿ ರೈಸ್ 1 ಎಂಬ ಎರಡು ಎಡಿಟೆಡ್ ಭತ್ತದ ತಳಿಗಳು ಘೋಷಣೆಯಾದವು. ಧಾರವಾಡದವರು ಇಂಥ ಸುದ್ದಿಯನ್ನು ಸ್ವಲ್ಪ ಎಚ್ಚರದಿಂದ ಕೇಳುವುದಕ್ಕೆ ಕಾರಣವಿದೆ. ವರಲಕ್ಷ್ಮಿ, ಡಿಸಿಎಚ್-32 ಎಂಬ ಹತ್ತಿ ಹೈಬ್ರಿಡ್‌ಗಳನ್ನು ದೇಶಕ್ಕೆ ಕೊಟ್ಟ ಊರಿದು. ನಾಗಪುರದ ಹತ್ತಿ ಸಂಶೋಧನಾ ಸಂಸ್ಥೆಯೊಂದಿಗೆ ಇಲ್ಲಿನ ವಿಶ್ವವಿದ್ಯಾಲಯ ಕೈಜೋಡಿಸಿದ್ದ ಬಿಕಾನೇರಿ ನರ್ಮಾ ಬಿಟಿ ಹತ್ತಿ, ಸರ್ಕಾರಿ ವಲಯದ ಮೊದಲ ಬಿಟಿ ತಳಿ, 2009ರಲ್ಲಿ ಹೊಲ ಸೇರಿತು. ಖಾಸಗಿ ಕಂಪನಿಯ ಜೀನ್ ಜೋಡಣೆ ಅದರ ಬೀಜದಲ್ಲಿ ಕಂಡುಬಂದದ್ದರಿಂದ ಬೀಜೋತ್ಪಾದನೆ ನಿಂತುಹೋಯಿತು. ರೈತ ತನ್ನ ಬೀಜ ತಾನೇ ಕಟ್ಟಿಟ್ಟುಕೊಳ್ಳಬಹುದಾಗಿದ್ದ ಬಿಟಿ ಹತ್ತಿ ಅದು. ಆ ನಷ್ಟವನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಶೇಂಗಾದಲ್ಲಿ ಎಡಿಟಿಂಗ್ ಇನ್ನೂ ಅಂಬೆಗಾಲಿಡುತ್ತಿದೆ. 2018-19ರಲ್ಲಿ ಚೀನಾ ಮತ್ತು ಅಮೆರಿಕದ ಸಂಶೋಧಕರು ಟ್ಯಾಲೆನ್ ಎಂಬ ಇನ್ನೊಂದು ಎಡಿಟಿಂಗ್ ವಿಧಾನ ಹಾಗೂ ಕ್ರಿಸ್ಪರ್‌ನಿಂದ ತಿದ್ದಿದ್ದು ಅದೇ ಎಫ್‌ಎಡಿ2 ಜೀನನ್ನು, ಎಎಚ್‌ಮೈಟ್-1 ತಾನಾಗಿ ಹೊಕ್ಕು ಕೆಡಿಸಿದ್ದ ಜೀನನ್ನೇ. ಅದು ಕೆಲಸ ನಿಲ್ಲಿಸಿದರೆ ಎಣ್ಣೆಯಲ್ಲಿ ಓಲಿಯಿಕ್ ಆಮ್ಲ ಅರ್ಧದ ಆಸುಪಾಸಿನಿಂದ ನೂರಕ್ಕೆ 80ರವರೆಗೆ ಏರುತ್ತದೆ, ಕಾಳು ಬೇಗ ಕಮಟುವುದಿಲ್ಲ. ಚಟ್ನಿಪುಡಿ, ಶೇಂಗಾ ಹೋಳಿಗೆ ಮಾಡಿ ಪೇಟೆಗೆ ಕಳಿಸುವ ಧಾರವಾಡ-ಹುಬ್ಬಳ್ಳಿಯ ಮಹಿಳಾ ಸಂಘಗಳಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಭಟ್ ಅವರ ತಂಡ ಎಡಿಟಿಂಗ್‌ಗೆ ಕಾಯದೆ, ಅಮೆರಿಕದ ಸನ್‌ಓಲಿಯಿಕ್ 95ಆರ್ ತಳಿಯಿಂದ ಆ ಗುಣವನ್ನು ಪೀಳಿಗೆ ಪೀಳಿಗೆಗೂ ಡಿಎನ್‌ಎ ಗುರುತು ನೋಡುತ್ತ ಜಿಪಿಬಿಡಿ-4 ಮತ್ತು ಜಿ2-52 ತಳಿಗಳಿಗೆ ಸೇರಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿತು. ಮೂಲ ತಳಿಗೆ ಮತ್ತೆ ಮತ್ತೆ ಸಂಕರ ಮಾಡುವ ಆ ದಾರಿಗೆ ವರ್ಷಗಳು ಹಿಡಿಯುತ್ತವೆ. ಎಡಿಟಿಂಗ್‌ನಿಂದ ಅದನ್ನು ಕಡಿಮೆ ಮಾಡಬಹುದು. ಆದರೆ ಶೇಂಗಾದ ಜೀವಕೋಶಕ್ಕೆ ಡಿಎನ್‌ಎ ಹೊಗಿಸಿ ಅದರಿಂದ ಇಡೀ ಗಿಡ ಬೆಳೆಸುವ ವಿಧಾನ ಎಲ್ಲ ತಳಿಗಳಿಗೂ ಒಂದೇ ರೀತಿ ಒಗ್ಗುವುದಿಲ್ಲ. ಅದು ಜಿಪಿಬಿಡಿ-4ಕ್ಕೆ ಒಗ್ಗುವಂತಾದರೆ ಎಲೆ ಉದುರದ, ಕಾಳು ಕಮಟದ ಶೇಂಗಾವನ್ನು ನಾಲ್ಕಾರು ಹಂಗಾಮುಗಳ ಬದಲು ಒಂದೆರಡರಲ್ಲೇ ತಾಕಿಗಿಳಿಸಬಹುದು.